ಚೆನ್ನಿ ಎಂದರೆ ತಿರುಗದ ಹಸು

ಸತ್ತ ಹಸುವಿನ ಹೆಸರು ಹಿಡಿದು ಬದುಕಿರುವ ಹಸುವನ್ನು ಕರೆಯುವುದು ಎಷ್ಟು ಕಷ್ಟವೆಂದು ಯಾರಿಗಾದರೂ ತಿಳಿಯಬೇಕಿದ್ದರೆ ಅವರು ಅಪ್ಪಿಯಕ್ಕನನ್ನು ಕೇಳಬೇಕು. ಕಾಪು ಮತ್ತು ಕಾರ್ಕಳ ತಾಲೂಕುಗಳು ಬೆನ್ನಿಗೆ ಬೆನ್ನು ಕೊಟ್ಟು ಮಲಗಿರುವ ಗುಡ್ಡವೊಂದರ ಬುಡದಲ್ಲಿ ಅವಳ ಮನೆ. ಮನೆಗಿಂತ ದನದ ಹಟ್ಟಿ ದೊಡ್ಡದು. ಗಂಡ ಅಂಗಾರ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಆ ಹಟ್ಟಿಯೇ. ಮಗಳು ಚೈತನ್ಯಾ ಮಣಿಪಾಲದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಅವಳ ಊಟ, ಬಸ್ಸು, ಬಿಳಿ ಬೂಟು ಎಲ್ಲವೂ ಎರಡು ಹಸುಗಳ ಕೆಚ್ಚಲಿನಿಂದ ಇಳಿದು ಬಂದದ್ದು.

ಆ ಎರಡು ಹಸುಗಳೇ ಚೆನ್ನಿ ಮತ್ತು ಮುತ್ತು. ಒಂದೇ ತಾಯಿಯ ಮಕ್ಕಳು, ಒಂದೇ ಕೆಂಬಣ್ಣ, ಹಣೆಯಲ್ಲಿ ಒಂದೇ ಥರದ ಬಿಳಿ ಚುಕ್ಕೆ. ಹೊರಗಿನವರಿಗೆ ಯಾವುದು ಯಾವುದೆಂದು ಗುರುತು ಹತ್ತುತ್ತಿರಲಿಲ್ಲ. ಅಪ್ಪಿಯಕ್ಕನಿಗೆ ಉಸಿರು ಕೇಳಿದರೂ ಸಾಕಿತ್ತು. ಚೆನ್ನಿ ಗಟ್ಟಿಗಿತ್ತಿ, ಬೇಲಿ ಮುರಿದು ಪಕ್ಕದವರ ಬಾಳೆಗೆ ಬಾಯಿ ಹಾಕುವವಳು. ಮುತ್ತು ಪುಕ್ಕಲಿ. ಒಳಗೆ ಕುಕ್ಕರು ಸೀಟಿ ಹೊಡೆದರೂ ಬೆದರಿ ಹಾಲು ಮೇಲಕ್ಕೆ ಎಳೆದುಕೊಳ್ಳುವವಳು. "ಮುತ್ತೂ, ಓ ಮುತ್ತೂ" ಎಂದು ಹೆಸರು ಹಿಡಿದು ಬೆನ್ನು ಸವರಿದರೆ ಮಾತ್ರ ಅವಳ ಮೈ ಸಡಿಲವಾಗುತ್ತಿತ್ತು.

ಎರಡರಲ್ಲಿ ವಿಮೆ ಇದ್ದದ್ದು ಮುತ್ತುವಿಗೆ ಮಾತ್ರ. ಆ ವರ್ಷ ಕಂತು ಒಮ್ಮೆಲೇ ಏರಿತ್ತು. ಹಾಲಿನ ಸೊಸೈಟಿಯ ಜಗಲಿಯಲ್ಲಿ ಅಪ್ಪಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾರ್ಯದರ್ಶಿಯನ್ನು ಕೇಳಿದ್ದಳು: "ಎಂತಕ್ಕೆ ಏರಿದ್ದು? ನನ್ನ ದನಗಳು ಸತ್ತಿದ್ದಾವಾ?"

"ನಿಮ್ಮದಲ್ಲ ಅಪ್ಪಿಯಕ್ಕ. ಈ ಭಾಗದಲ್ಲಿ ಕ್ಲೇಮು ಜಾಸ್ತಿಯಂತೆ. ಸಾಯದ ದನವನ್ನೂ ಕೆಲವರು ಕಾಗದದಲ್ಲಿ ಸಾಯಿಸುತ್ತಾರಂತೆ."

"ತಿಂದವರು ಯಾರೋ, ಬಾಳೆಲೆ ಎತ್ತುವುದು ನಾವಾ? ಅಂಥವರ ಹಟ್ಟಿ ಬರಿದಾಗಲಿ!"

ಜಗಲಿಯಲ್ಲಿದ್ದ ಹೆಂಗಸರೆಲ್ಲ ಹೌದು ಹೌದು ಎಂದಿದ್ದರು. ಎರಡಕ್ಕೂ ಕಟ್ಟುವಷ್ಟು ಕೈಯಲ್ಲಿರಲಿಲ್ಲ. ಪುಕ್ಕಲಿಯೇ ಮೊದಲು ಸಾಯುವವಳೆಂದು ಅಪ್ಪಿಯಕ್ಕ ಮುತ್ತುವಿಗೆ ಕಟ್ಟಿದಳು. ಕಂಪೆನಿಯವರು ಬಂದು ಮುತ್ತುವಿನ ಕಿವಿಗೆ ಹಳದಿ ಟ್ಯಾಗು ಚುಚ್ಚಿ, ಫೋಟೋ ತೆಗೆದುಕೊಂಡು ಹೋದರು.

ಸಾವಿಗೆ ಅಪ್ಪಿಯಕ್ಕನ ಲೆಕ್ಕ ಗೊತ್ತಿರಲಿಲ್ಲ. ಹಾವು ಕಚ್ಚಿದ್ದು ಗಟ್ಟಿಗಿತ್ತಿ ಚೆನ್ನಿಗೆ. ಮೇಯಲು ಹೋಗಿದ್ದ ಗುಡ್ಡದ ಹಾಡಿಯಿಂದ ಹೇಗೋ ಹಟ್ಟಿಯ ಬಾಗಿಲ ತನಕ ಬಂದು ಅಲ್ಲಿಯೇ ಕುಸಿಯಿತು. ಅಪ್ಪಿಯಕ್ಕ ಅದರ ಕೊರಳ ಮೇಲೆ ಬಿದ್ದು ಅತ್ತಳು.

ಸುದ್ದಿ ಕೇಳಿ ತಮ್ಮ ಜಿತೇಂದ್ರ ಬೈಕಿನಲ್ಲಿ ಓಡಿಬಂದ. ಸಂತೆಕಟ್ಟೆಯ ಗ್ಯಾರೇಜೊಂದರಲ್ಲಿ ಕಾರುಗಳ ತಗ್ಗು ಎತ್ತಿ ಬಣ್ಣ ಹೊಡೆಯುವವ ಅವನು. ಅಕ್ಕನ ಕಣ್ಣೀರು ಸ್ವಲ್ಪ ಇಳಿಯುವ ತನಕ ಕಾದು ಕೇಳಿದ:

"ಅಕ್ಕ, ಟ್ಯಾಗು ಯಾವುದಕ್ಕೆ ಉಂಟು?"

"ಮುತ್ತುವಿಗೆ."

"ಸತ್ತದ್ದು?"

"ಚೆನ್ನಿ. ಕಣ್ಣು ಕಾಣುವುದಿಲ್ವಾ ನಿನಗೆ?"

"ನನಗೆ ಕಾಣುತ್ತದೆ. ಕಂಪೆನಿಗೆ ಕಾಣುವುದಿಲ್ಲ. ಅವರಿಗೆ ಎಂಜಿನೂ ಬೇಡ, ಬಾಡಿಯೂ ಬೇಡ, ನಂಬರ್ ಪ್ಲೇಟು ಇದ್ದರೆ ಆಯಿತು. ನಮ್ಮ ಗ್ಯಾರೇಜಿನಲ್ಲಿ ಹಳೆ ತಗ್ಗನ್ನು ಹೊಸ ಆಕ್ಸಿಡೆಂಟಿಗೆ ಸೇರಿಸದ ದಿನ ಇಲ್ಲ."

ಅಪ್ಪಿಯಕ್ಕ ಮೂಗು ಒರೆಸಿಕೊಂಡಳು. "ಅದು ಮೋಸ ಅಲ್ವಾ ಜಿತ್ತು?"

"ಹಾಗಾದರೆ ಜೆಸ್ಸಿ ಬಾಯಿಗೆ ಅವರು ಮಾಡಿದ್ದು ಎಂತ? ಪೂಜೆಯಾ?"

ಆ ಮಾತು ನೇರ ಹೋಗಿ ನಾಟಿತು. ಬೇಲಿಯಾಚೆಯ ಜೆಸ್ಸಿ ಬಾಯಿ ತನ್ನ ಹಸುವಿನ ಕಂತನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಆದರೆ ಹಸು ಸತ್ತ ದಿನ ಅದರ ಕಿವಿಯಲ್ಲಿ ಟ್ಯಾಗಿರಲಿಲ್ಲ. ಮೇಯುವಾಗ ಎಲ್ಲೋ ಮುಳ್ಳಿಗೆ ಸಿಕ್ಕಿ ಬಿದ್ದುಹೋಗಿತ್ತು. ಟ್ಯಾಗಿಲ್ಲದಿದ್ದರೆ ಹಣವಿಲ್ಲ ಎಂದರು ಕಂಪೆನಿಯವರು. ಜೆಸ್ಸಿಯೂ ಅಪ್ಪಿಯಕ್ಕನೂ ಕತ್ತಿ ಹಿಡಿದು ಹಾಡಿಯ ಪೊದೆಗಳನ್ನೆಲ್ಲ ಸವರಿ ಹುಡುಕಿದ್ದರು. ಬಾಟಲಿಯ ಮುಚ್ಚಳ ಸಿಕ್ಕಿತು, ಯಾರದೋ ಒಂಟಿ ಚಪ್ಪಲಿ ಸಿಕ್ಕಿತು, ಟ್ಯಾಗು ಸಿಗಲಿಲ್ಲ. ಅಪ್ಪಿಯಕ್ಕನ ಮೊಣಕೈಯಲ್ಲಿ ಆ ಮುಳ್ಳು ಗೀರಿದ ಗೆರೆ ಇನ್ನೂ ಇತ್ತು.

"ಬೇಗ ಮಾಡು," ಎಂದಳು ಅಪ್ಪಿಯಕ್ಕ, ಮುಖ ತಿರುಗಿಸಿ.

ಜಿತೇಂದ್ರನ ಇಕ್ಕಳ ಕಿವಿಗೆ ತಾಗಿದ್ದೇ ತಡ, ಮುತ್ತು ತಲೆ ಕೊಡವಿತು. ಕಿವಿ ಹರಿದು ರಕ್ತ ಸುರಿಯಿತು. ಅದೇ ಟ್ಯಾಗನ್ನು ಅವನು ಚೆನ್ನಿಯ ಕಿವಿಗೆ ಚುಚ್ಚಿ, ಅಂಟು ಹಾಕಿ ಕೂರಿಸಿದ. ಸತ್ತ ಕಿವಿಯಿಂದ ರಕ್ತ ಬರಲಿಲ್ಲ. ಬಂದಿದ್ದರೆ ಅಪ್ಪಿಯಕ್ಕ ಅಲ್ಲಿಗೇ ನಿಲ್ಲಿಸು ಎನ್ನುತ್ತಿದ್ದಳೋ ಏನೋ.

ಕಾರ್ಕಳದ ಕಡೆಯಿಂದ ಸ್ಕೂಟರಿನಲ್ಲಿ ಬಂದ ದನದ ಡಾಕ್ಟರು ಶ್ರೇಯಾ ಎಂಬ ಚಿಕ್ಕ ಪ್ರಾಯದ ಹುಡುಗಿ, ಕೆಲಸಕ್ಕೆ ಹೊಸಬಳು. ಹಾವಿನ ಹಲ್ಲಿನ ಗುರುತು ನೋಡಿದಳು, ಟ್ಯಾಗಿನ ನಂಬರು ಓದಿದಳು, ಅಪ್ಪಿಯಕ್ಕನ ಊದಿದ ಕಣ್ಣು ನೋಡಿದಳು. "ಇದರ ಹೆಸರೆಂತ ಅಕ್ಕ?"

"ಮುತ್ತು," ಎಂದಳು ಅಪ್ಪಿಯಕ್ಕ. ಡಾಕ್ಟರು ಸಾವಿನ ಸರ್ಟಿಫಿಕೇಟಿನಲ್ಲಿ ಅದೇ ಹೆಸರು ಬರೆದು ಸಹಿ ಹಾಕಿದಳು.

ಹಣ ಬಂತು. ಮಗಳ ಕಾಲೇಜಿಗೆ ಸ್ವಲ್ಪ ಹೋಯಿತು, ಹಟ್ಟಿಯ ಮಾಡಿಗೆ ಹೊಸ ಶೀಟು ಬಂತು. ಜೆಸ್ಸಿ ಬಾಯಿ ಬೇಲಿಯ ಬಳಿ ನಿಂತು ಶೀಟು ನೋಡಿ, "ನಿನಗಾದರೂ ಸಿಕ್ಕಿತಲ್ಲ ಮಾರಾಯ್ತಿ, ದೇವರು ದೊಡ್ಡವನು," ಎಂದಳು. ಹೊಟ್ಟೆಕಿಚ್ಚಿನ ಒಂದು ಹನಿಯೂ ಆ ಮಾತಿನಲ್ಲಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವಳ ತಳಮಳ. ಕಾಗದದಲ್ಲಿ ಸತ್ತ ಮುತ್ತು ಹಟ್ಟಿಯಲ್ಲಿ ಹುಲ್ಲು ಮೇಯುತ್ತಿತ್ತು. ಯಾರ ಎದುರಾದರೂ ಅದು ಚೆನ್ನಿಯಾಗಬೇಕು. "ಚೆನ್ನೀ" ಎಂದು ಕರೆದರೆ ಅದು ತಿರುಗಿ ಕೂಡ ನೋಡದು. ಮತ್ತೊಮ್ಮೆ ಕರೆದರೆ ಬಾಗಿಲ ಕಡೆ ಕತ್ತು ನೀಡಿ ಅಂಬಾ ಎನ್ನುತ್ತಿತ್ತು, ತನ್ನ ಅಕ್ಕ ಚೆನ್ನಿಯೇ ಬಂದಳೆಂದುಕೊಂಡು. ಅಪ್ಪಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಹಾಲು ಕರೆಯುವಾಗ ಹೆಸರು ಕಿವಿಯಲ್ಲಿ ಪಿಸುಗುಟ್ಟಬೇಕು. ಅಂಗಳದಲ್ಲಿ ಹೆಜ್ಜೆ ಸಪ್ಪಳವಾದರೆ ಪಿಸುಮಾತೂ ನಿಲ್ಲಬೇಕು. ಆಗ ಹಾಲೂ ನಿಲ್ಲುತ್ತಿತ್ತು.

"ಕಿವಿಗೆ ಎಂತಾಯಿತು?" ಎಂದು ಜೆಸ್ಸಿ ಕೇಳಿದರೆ ಬೇಲಿಯ ತಂತಿ. "ಚೆನ್ನಿ ಈಚೆಗೆ ಬೇಲಿ ಮುರಿಯುವುದೇ ಇಲ್ವಲ್ಲ?" ಎಂದರೆ ತಂಗಿ ಹೋದ ಬೇಸರ. ಸುಳ್ಳಿಗೆ ಸುಳ್ಳು ಕಟ್ಟಿ ಹಗ್ಗ ಉದ್ದವಾಯಿತು.

ಡಾಕ್ಟರಂತೂ ಬಿಡಲೊಲ್ಲಳು. ದಾರಿಯಲ್ಲಿ ಸಿಕ್ಕಾಗಲೆಲ್ಲ ಸ್ಕೂಟರು ನಿಲ್ಲಿಸಿ, "ಅಪ್ಪಿಯಕ್ಕ, ಚೆನ್ನಿಗೂ ಟ್ಯಾಗು ಹಾಕಿಸಿ. ಇನ್ನೊಮ್ಮೆ ಹಾಗಾಗುವುದು ಬೇಡ," ಎನ್ನುವಳು. ಅಪ್ಪಿಯಕ್ಕ ನಾಳೆ ಎನ್ನುವಳು. ಮರುವರ್ಷ ಕಂತು ಇನ್ನೂ ಏರಿತು. ಸೊಸೈಟಿಯ ಜಗಲಿಯಲ್ಲಿ ಹೆಂಗಸರು ಮತ್ತೆ ಸೆರಗು ಸಿಕ್ಕಿಸಿ ನಿಂತರು. "ಅಪ್ಪಿಯಕ್ಕ, ಹೋದ ಸಲ ಹೇಳಿದ್ದನ್ನು ಇನ್ನೊಮ್ಮೆ ಹೇಳು ಮಾರಾಯ್ತಿ, ಅಂಥವರ ಹಟ್ಟಿ ಬರಿದಾಗಲಿ ಅಂತ!" ಎಂದು ಯಾರೋ ನಕ್ಕರು. ಅಪ್ಪಿಯಕ್ಕ ಹಾಲಿನ ಕ್ಯಾನು ಅಲ್ಲೇ ಮರೆತು ಮನೆಗೆ ಬಂದಳು.

ಅಷ್ಟರಲ್ಲಿ ಮುತ್ತು ಗಬ್ಬವಾಗಿತ್ತು. ಹಸು ಹೊಟ್ಟೆಯಲ್ಲಿ ಕರು ಹೊತ್ತಿತು, ಒಡತಿ ಎದೆಯಲ್ಲಿ ಕಲ್ಲು ಹೊತ್ತಳು. ಎರಡೂ ತಿಂಗಳಿಂದ ತಿಂಗಳಿಗೆ ದಪ್ಪವಾದವು.

ಕರು ಹಾಕುವ ನೋವು ಬಂದದ್ದು ಹಾಡಹಗಲು. ಬೆಳಗಿನಿಂದ ಮುತ್ತು ಏಳುವುದು, ಬೀಳುವುದು, ಗೋಡೆಗೆ ಗುದ್ದುವುದು. ಒಂದು ಕಾಲು ಮಾತ್ರ ಕಾಣಿಸಿತು, ಮತ್ತೇನೂ ಬರಲಿಲ್ಲ. ಕರು ಒಳಗೆ ಕತ್ತು ತಿರುಚಿಕೊಂಡಿತ್ತು. ಅಪ್ಪಿಯಕ್ಕ ಮೊದಲು ಫೋನು ಮಾಡಿದ್ದು ಜಿತೇಂದ್ರನಿಗೆ.

"ಡಾಕ್ಟರನ್ನು ಮಾತ್ರ ಕರೆಯಬೇಡ ಅಕ್ಕ. ಅವಳು ಕಿವಿ ನೋಡಿದರೆ ಮುಗಿಯಿತು. ನಾನು ಬರುತ್ತೇನೆ, ಎಳೆದು ತೆಗೆಯುವಾ."

"ಎಳೆಯಲಿಕ್ಕೆ ಇದೆಂತ ಕಾರಿನ ಬಾಗಿಲಾ?" ಎಂದು ಅವಳು ಫೋನಿಟ್ಟಳು. ಮುತ್ತುವಿನ ಕಣ್ಣುಗುಡ್ಡೆ ಮೇಲಕ್ಕೆ ಸರಿಯುತ್ತಿತ್ತು. ಅಪ್ಪಿಯಕ್ಕನ ಬೆರಳು ತಾನಾಗಿಯೇ ಡಾಕ್ಟರ ನಂಬರು ಒತ್ತಿತು.

ಶ್ರೇಯಾ ಬಂದಳು. ತೋಳಿಗೆ ಎಣ್ಣೆ ಸವರಿಕೊಂಡು ಒಳಗೆ ಕೈ ಹಾಕಿದಳು. ಹಸು ಒದೆಯಿತು, ಹೊರಳಿತು. "ಅಲುಗಾಡದ ಹಾಗೆ ಮಾಡಿ ಅಕ್ಕ, ಕರುವಿನ ತಲೆ ಕೈಗೆ ಸಿಗುತ್ತಾ ಉಂಟು. ಹೀಗೆ ಹೊರಳಿದರೆ ಎರಡೂ ಉಳಿಯುವುದಿಲ್ಲ. ಮಾತಾಡಿಸಿ ಅದನ್ನು!"

"ಚೆನ್ನೀ, ಚೆನ್ನೀ ಮಗಾ," ಎಂದಳು ಅಪ್ಪಿಯಕ್ಕ. ಹಸು ಇನ್ನೂ ಬೆದರಿ ತಲೆ ಬಡಿಯಿತು. ಅಪ್ಪಿಯಕ್ಕ ಡಾಕ್ಟರ ಬೆವೆತ ಮುಖ ನೋಡಿದಳು, ಹಸುವಿನ ಹರಿದ ಕಿವಿ ನೋಡಿದಳು. ಆಮೇಲೆ ಹಸುವಿನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಹಟ್ಟಿಯ ಮಾಡು ಹಾರಿಹೋಗುವ ಹಾಗೆ ಕರೆದಳು:

"ಮುತ್ತೂ! ಓ ನನ್ನ ಮುತ್ತೂ! ನಾನಿದ್ದೇನೆ ಮುತ್ತೂ!"

ಹಸುವಿನ ಮೈ ಸಡಿಲವಾಯಿತು. ಡಾಕ್ಟರ ಕೈ ಒಂದು ಕ್ಷಣ ನಿಂತಿತು, ಮತ್ತೆ ಕೆಲಸಕ್ಕೆ ಹತ್ತಿತು. ಅಪ್ಪಿಯಕ್ಕ ಆ ಹೆಸರನ್ನು ಬಿಡಲಿಲ್ಲ. ಅಷ್ಟು ದಿನ ನುಂಗಿದ್ದೆಲ್ಲ ಹೊರಗೆ ಬಂತು. ಕೊನೆಗೆ ಹೆಣ್ಣುಗರು ಒದ್ದೆ ಬಟ್ಟೆಯ ಹಾಗೆ ಹುಲ್ಲಿನ ಮೇಲೆ ಜಾರಿತು, ಸೀನಿತು, ಉಸಿರಾಡಿತು.

ಶ್ರೇಯಾ ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಕೈ ತೊಳೆದಳು.

"ಮುತ್ತು ಸತ್ತಿದೆ ಅಂತ ನಾನು ಸಹಿ ಹಾಕಿದ್ದೇನೆ ಅಪ್ಪಿಯಕ್ಕ."

"ಹೌದು ಡಾಕ್ಟ್ರೇ."

"ಅದು ನನ್ನ ಮೊದಲ ಸಹಿ. ಕಿವಿಯನ್ನು ಸರಿಯಾಗಿ ನೋಡಲಿಲ್ಲ ನಾನು. ನೀವು ಅಳುತ್ತಿದ್ದಿರಿ. ಅಳುವವರ ಎದುರು ಕಿವಿ ಹಿಡಿದು ಪರೀಕ್ಷೆ ಮಾಡುವುದು ಹೇಗೆ ಅಂತ ನಾಚಿಕೆಯಾಯಿತು."

"ಅಳು ಸುಳ್ಳಲ್ಲ ಡಾಕ್ಟ್ರೇ."

"ಅದೇ ಅಲ್ವಾ ಕಷ್ಟ. ಗೊತ್ತಾಗಿಯೂ ಸುಮ್ಮನಿದ್ದರೆ ನಾನೂ ಕಳ್ಳಿ. ಹೇಳಿದರೆ ನಿಮ್ಮ ಗತಿ ಎಂತ?"

ಕಂಪೆನಿಗೆ ಮುಖವಿಲ್ಲವೆಂದು ಅಪ್ಪಿಯಕ್ಕ ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಮುಖ ಇಲ್ಲಿತ್ತು, ಕೆನ್ನೆಗೆ ಸಗಣಿ ಮೆತ್ತಿಕೊಂಡು. ಚೈತನ್ಯಾಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು.

"ನೀವು ಹೇಳುವುದು ಬೇಡ," ಎಂದಳು ಅಪ್ಪಿಯಕ್ಕ. "ನನ್ನ ಬಾಯಿ ಹೇಗೂ ತೆರೆದಾಯಿತಲ್ಲ."

ಮರುದಿನ ಅವಳು ಗಿಣ್ಣು ಮಾಡಿ ಜೆಸ್ಸಿ ಬಾಯಿಯ ಮನೆಗೆ ಹೋದಳು. ಮೆಟ್ಟಿಲು ಹತ್ತದೆ ಅಂಗಳದಲ್ಲಿಯೇ ನಿಂತು, "ಮುತ್ತು ಕರು ಹಾಕಿತು," ಎಂದಳು.

"ಯಾವ ಮುತ್ತು? ಸತ್ತ ಮುತ್ತುವಾ?"

"ಸತ್ತದ್ದು ಚೆನ್ನಿ, ಜೆಸ್ಸಿ ಬಾಯಿ."

ಜೆಸ್ಸಿಯ ಕಣ್ಣು ಅಪ್ಪಿಯಕ್ಕನ ಮೊಣಕೈಯ ಗೆರೆಗೆ ಹೋಯಿತು.

"ನನ್ನ ಒಟ್ಟಿಗೆ ಹಾಡಿಯೆಲ್ಲ ಹುಡುಕಿದವಳು ನೀನು."

"ಹೌದು."

"ಆಮೇಲೆ ನನ್ನ ಬಾಯಿಯಿಂದಲೇ ದೇವರು ದೊಡ್ಡವನು ಅಂತ ಹೇಳಿಸಿದವಳೂ ನೀನು." ಗಿಣ್ಣಿನ ಪಾತ್ರೆ ಕಿತ್ತುಕೊಂಡಳು. "ಇದನ್ನು ನಾಯಿಗೆ ಹಾಕುತ್ತೇನೆ. ಹೋಗು."

ಮರುದಿನ ಬೆಳಿಗ್ಗೆ ಅಪ್ಪಿಯಕ್ಕ ಉಡುಪಿಯ ಬಸ್ಸಿಗೆ ಕಾದು ನಿಂತಿದ್ದಾಗ ಜೆಸ್ಸಿ ಬಾಯಿ ಭಾನುವಾರ ಇಗರ್ಜಿಯ ಪ್ರಾರ್ಥನೆಗೆ ಉಡುವ ಸೀರೆ ಉಟ್ಟುಕೊಂಡು ಬಂದಳು. "ನಿನ್ನ ಮೇಲಿನ ಪ್ರೀತಿಗೆ ಬಂದದ್ದಲ್ಲ. ಅವರ ಹತ್ತಿರ ನನ್ನದೊಂದು ಪ್ರಶ್ನೆ ಉಂಟು."

ಕಂಪೆನಿಯ ಕಚೇರಿಯಲ್ಲಿ ಗಾಜಿನ ಆಚೆ ಕೂತಿದ್ದವನು ಅಪ್ಪಿಯಕ್ಕನ ಮಾತನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟ. ಹಣ ಕೇಳಿಕೊಂಡು ಬರುವವರನ್ನು ಅವನು ದಿನಾ ಕಂಡಿದ್ದ. ಹಿಂದೆ ಕೊಡಲು ಬಂದವರನ್ನು ಕಂಡಿರಲಿಲ್ಲ. ಇದಕ್ಕೆ ಕೇಸೂ ಆಗಬಹುದು ಎಂದ.

"ಆಗಲಿ. ಉಳಿದದ್ದು ತಂದಿದ್ದೇನೆ. ಖರ್ಚಾದದ್ದನ್ನು ಹಾಲಿನ ಹಣದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳಿ," ಎಂದಳು ಅಪ್ಪಿಯಕ್ಕ.

ಆಗ ಜೆಸ್ಸಿ ಬಾಯಿ ಮುಂದೆ ಬಂದಳು. "ಸಾರ್, ಇವಳ ಸುಳ್ಳಿಗೆ ಟ್ಯಾಗು ಇತ್ತು, ನೀವು ಹಣ ಕೊಟ್ಟಿರಿ. ನನ್ನ ಸತ್ಯಕ್ಕೆ ಟ್ಯಾಗು ಇರಲಿಲ್ಲ. ಈಗ ಇವಳದ್ದನ್ನು ಹಿಂದೆ ತೆಗೆದುಕೊಳ್ಳುತ್ತೀರಲ್ಲ, ನನ್ನ ಹಸುವಿನ ವಿಷಯ ಎಂತ?"

ಅವನು ಇಬ್ಬರನ್ನೂ ನೋಡಿ, ಮೇಲಿನವರನ್ನು ಕೇಳಬೇಕು, ಕುಳಿತಿರಿ ಎಂದು ಒಳಗೆ ಹೋದ.

ಇಬ್ಬರೂ ಬೆಂಚಿನ ಎರಡು ತುದಿಗಳಲ್ಲಿ ಕುಳಿತರು. ಬಹಳ ಹೊತ್ತಾಯಿತು, ಒಳಗಿನಿಂದ ಯಾರೂ ಬರಲಿಲ್ಲ. ಮುತ್ತುವಿನ ಹಾಲು ಕರೆಯುವ ಹೊತ್ತಾಗುತ್ತ ಬಂತು. ಜಿತೇಂದ್ರನನ್ನು ಹಟ್ಟಿಯಲ್ಲಿ ಬಿಟ್ಟು ಬಂದಿದ್ದಳು. ಅವನ ಕೈ ಕಂಡರೆ ಆ ಹಸು ಇವತ್ತಿಗೂ ಬೆದರುತ್ತದೆ. ಅಪ್ಪಿಯಕ್ಕ ಬಾಗಿಲ ಕಡೆ ನೋಡಿದಳು. ಏಳಲಿಲ್ಲ.

"ಗಿಣ್ಣಿಗೆ ಬೆಲ್ಲ ಕಡಿಮೆಯಾಗಿತ್ತು," ಎಂದಳು ಜೆಸ್ಸಿ ಬಾಯಿ, ಗೋಡೆಯನ್ನು ನೋಡುತ್ತ.