ಕರಿಯ ವೈರು

ಮಲ್ಲಪ್ಪ ಮಿಸ್ತ್ರಿ ಬ್ಯಾಟರಿಯ ವೈರನ್ನು ಕಣ್ಣಿನಿಂದ ಪರೀಕ್ಷಿಸುತ್ತಿರಲಿಲ್ಲ. ಮೋಟರನ್ನು ಎರಡು ಸಲ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ, ವೈರನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವರ ಹಾಗೆ ಮೆಲ್ಲಗೆ ಬೆರಳು ಸರಿಸುತ್ತ ಹೋಗುತ್ತಿದ್ದ. ಒಂದು ಕಡೆ ಬೆರಳು ನಿಲ್ಲುತ್ತಿತ್ತು.

“ಬಿಸಿ ಎಲ್ಲೈತಿ, ಬ್ಯಾನಿ ಅಲ್ಲೇ ಐತ್ರಿ,” ಅನ್ನುತ್ತಿದ್ದ. ಅಲ್ಲಿ ಕೊಯ್ದರೆ ತಾಮ್ರ ಹಸಿರುಗಟ್ಟಿರುತ್ತಿತ್ತು.

ಎಪ್ಪತ್ತರ ದಶಕದ ಮಾತು. ಮುದ್ದೇಬಿಹಾಳ ತಾಲೂಕಿನ ಕೃಷ್ಣೆಯ ದಂಡೆಯಲ್ಲಿ ನದಿಯ ಆಳ ಅಳೆಯುವ ಕೆಲಸ ನಡೆದಿತ್ತು. ನಾನು ಅಲ್ಲಿ ಕಾರಕೂನ. ದೋಣಿಯ ಹಿಂಬದಿಗೆ ಕಟ್ಟಿದ್ದ ಮೋಟರು ಮಲ್ಲಪ್ಪನ ಸುಪರ್ದಿ. ಅದನ್ನು ಹಗ್ಗ ಎಳೆದು ಎಬ್ಬಿಸುವ ಚಕ್ರ ಎಂದೋ ಮುರಿದಿತ್ತು, ಬ್ಯಾಟರಿಯೊಂದೇ ಗತಿ.

ಸಂಜೆ ದೋಣಿ ಕಟ್ಟಿದ ಮೇಲೆ ಅವನು ಬ್ಯಾಟರಿಯಿಂದ ಕರಿಯ ವೈರನ್ನು ಬಿಚ್ಚಿ ಪಕ್ಕಕ್ಕೆ ಬಾಗಿಸಿ, ನಟ್ಟನ್ನು ಮತ್ತೆ ಅದರ ಜಾಗಕ್ಕೇ ತಿರುವಿ, ಮೇಲೆ ಹೆಗಲ ವಸ್ತ್ರ ಮುಚ್ಚುತ್ತಿದ್ದ. ಒಂದು ದಿನವೂ ತಪ್ಪಿಸಿದ್ದಿಲ್ಲ.

“ಕೆಲಸ ಮುಗೀತಂದ್ರ ಕರೀದು ತಗೀಬೇಕ್ರಿ. ಮಲಗಿದ ಬ್ಯಾಟರಿಗೆ ಕನಸು ಬೀಳಬಾರದು.”

ಆ ಮಳೆಗಾಲ ಕರಿಯ ವೈರು ಕೆಟ್ಟಿತು. ಬಾಗೇವಾಡಿಗೆ ಹೋಗುವವನಿದ್ದ ನನ್ನ ಕೈಗೆ ಹಳೆಯ ತುಂಡನ್ನು ಕೊಟ್ಟು, “ಮ್ಯಾಲಿನ ರಬ್ಬರ್ ನೋಡಬ್ಯಾಡ್ರಿ, ಒಳಗಿನ ತಾಮ್ರ ನೋಡ್ರಿ. ಉದ್ದನೂ ಇಷ್ಟೇ ಇರಲಿ,” ಎಂದ. ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು, ಬಸ್ಸು ಹೊರಡುವುದರಲ್ಲಿತ್ತು. ನಾನು ದಪ್ಪ ನೋಡಿ ತಂದೆ. ಇರಲಿ ಎಂದು ಉದ್ದವೂ ಇಮ್ಮಡಿ ತಂದೆ.

ಮಲ್ಲಪ್ಪ ತುದಿ ಕೊಯ್ದು ನೋಡಿ ನಕ್ಕ. “ದಪ್ಪ ಅಂಗಿ ನೋಡಿ ಪೈಲವಾನ ಅಂದ್ಕೊಂಡ್ರೇನ್ರಿ ಕಾರಕೂನ ಸಾಹೇಬ್ರ? ಒಳಗ ಕಡ್ಡಿ ಮನಷ್ಯಾ ಅದಾನ! ನಾಳೆ ಬದಲಿ ಮಾಡ್ಕೊಂಡ್ ಬರ್ರಿ.”

ಮರುದಿನ ಬೆಳಿಗ್ಗೆ ಹೊಳೆ ಏರಿತು. ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದ ನಾಲ್ವರು ಸಿಕ್ಕಿಬಿದ್ದಿದ್ದರು. ವೈರು ಬದಲಿಸಲು ವೇಳೆಯಿರಲಿಲ್ಲ. ಮಲ್ಲಪ್ಪ ನಾನು ತಂದದ್ದನ್ನೇ ನಡುವೆ ತುಂಡರಿಸಿ, ಎರಡನ್ನೂ ಪಕ್ಕಪಕ್ಕ ಜೋಡಿಸಿ, ತುದಿಗೆ ತಾಮ್ರದ ಉಂಗುರ ಬಡಿದ. “ಒಬ್ಬ ಹೊರಲಾರದ್ದನ್ನ ಇಬ್ಬರು ಹೊರತಾರ,” ಎಂದ. ಮೋಟರು ಎದ್ದಿತು.

ಮೊದಲ ಸಲ ಮೂವರನ್ನು ಕರೆತಂದ. ಒಬ್ಬ ಮುದುಕ ಉಳಿದಿದ್ದ. ಮತ್ತೆ ಹೊರಡುವ ಮುಂಚೆ ಕಣ್ಣು ಮುಚ್ಚಿ ವೈರು ಮುಟ್ಟಿದ. ಉಂಗುರದ ಬುಡದಲ್ಲಿ ಅವನ ಬೆರಳು ನಿಂತಿತು. ನಾನು ನೋಡಿದೆ.

“ಬಿಸಿ ಐತೇನು ಮಿಸ್ತ್ರಿ?”

“ನಡುವ ಬಂದ್ ಆಗದಿದ್ರ ಸಾಕ್ರಿ. ಆತಂದ್ರ ಮತ್ತ ಏಳೂದಿಲ್ಲ.” ವೈರಿನಿಂದ ಬೆರಳು ತೆಗೆದು, “ಒಮ್ಮಿ ಹೋಗಿ ಬರೂದ ಅಲ್ಲೇನ್ರಿ,” ಎಂದು ದೋಣಿ ತಿರುಗಿಸಿದ.

ಮುದುಕ ಬದುಕಿದ. ಸೆಳವಿಗೆ ಎದುರಾಗಿ ಈ ದಂಡೆಗೆ ಬರಲಾಗದೆ ಮಲ್ಲಪ್ಪ ಅವನನ್ನು ಆಚೆ ದಂಡೆಯಲ್ಲಿ ಇಳಿಸಿದ್ದ. “ಅಂವ ತಿರುಗಿ ಹೊಂಟಾಗ ಹೊಳೀ ನಡುವ ಮೋಟರ್ ಸಪ್ಪಳ ನಿಂತ್ತು,” ಎಂದು ಆಮೇಲೆ ಮುದುಕ ಹೇಳಿದ. “ಸ್ಟಾರ್ಟರ್ ಟಕ್ ಟಕ್ ಅನ್ನಾಕತ್ತಿತ್ತು. ಆಮ್ಯಾಲ ಅದೂ ಕೇಳಲಿಲ್ಲ.”

ಮೂರನೆಯ ದಿನ ದೋಣಿ ಸಿಕ್ಕಿತು. ಹೊಳೆಯ ಕೆಳಹರಿವಿನಲ್ಲಿ ಜಾಲಿ ಪೊದೆಯೊಂದಕ್ಕೆ ಒರಗಿ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಗುರುತು ಹೇಳಲು ಪೊಲೀಸರು ನನ್ನನ್ನೇ ಕರೆದೊಯ್ದಿದ್ದರು. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಬ್ಯಾಟರಿಯ ಮೇಲೆ ಹೆಗಲ ವಸ್ತ್ರ ಮುಚ್ಚಿತ್ತು. ಎತ್ತಿದೆ. ಕರಿಯ ವೈರನ್ನು ಬಿಚ್ಚಿ ಪಕ್ಕಕ್ಕೆ ಬಾಗಿಸಲಾಗಿತ್ತು. ನಟ್ಟನ್ನು ಮತ್ತೆ ಅದರ ಜಾಗಕ್ಕೇ ತಿರುವಲಾಗಿತ್ತು.

ಮುಳುಗುವ ಮನುಷ್ಯ ನಟ್ಟು ತಿರುವುತ್ತಾನೆಯೇ? ಮುಳುಗದಿದ್ದರೆ ಅವನು ಎಲ್ಲಿ ಇಳಿದ? ಸುತ್ತಲ ಕೆಸರಿನಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ. ಮಲ್ಲಪ್ಪ ಇಂದಿಗೂ ಸಿಕ್ಕಿಲ್ಲ.

ಆಗ ನಾನು ಒಂದು ಕೆಲಸ ಮಾಡಿದೆ. ಅದನ್ನು ಪಂಚನಾಮೆಯಲ್ಲಿ ಬರೆಸಲಿಲ್ಲ. ಕಣ್ಣು ಮುಚ್ಚಿ, ಬಿಚ್ಚಿದ್ದ ಆ ವೈರನ್ನು ಎರಡು ಬೆರಳಲ್ಲಿ ಹಿಡಿದು, ಅವನ ಹಾಗೆಯೇ ಬೆರಳು ಸರಿಸುತ್ತ ಹೋದೆ. ಮೂರು ದಿನ ಬಿಸಿಲೇ ಬಿದ್ದಿರಲಿಲ್ಲ. ವೈರು ಉದ್ದಕ್ಕೂ ಹೊಳೆಯ ನೀರಿನಂತೆ ತಣ್ಣಗಿತ್ತು.

ಉಂಗುರದ ಬುಡದಲ್ಲಿ ನನ್ನ ಬೆರಳು ನಿಂತಿತು. ಅಲ್ಲಿ ಬಿಸಿ ಇತ್ತು.