‘ಬಿಡು’ ಅಂದರೆ ಬಿಡಬೇಕು

ಮೂಡಲಪಾಳ್ಯದ ಒಂದು ಹೈಸ್ಕೂಲಿನಲ್ಲಿ ನಾನು ಪಿಟಿ ಮೇಡಂ. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದಾಗ ನಾನು ಮೊದಲು ಕೈ ಹಾಕಿದ್ದು ಆಟಕ್ಕಲ್ಲ, ಒಂದು ಮಾತಿಗೆ. ನಮ್ಮ ಜನಕ್ಕೆ ಯಾವುದು ಕೆಟ್ಟರೂ ‘ಹೋಗ್ಲಿ ಬಿಡು’ ಅನ್ನುವ ಅಭ್ಯಾಸ. ಹಾಲು ಉಕ್ಕಿದರೂ ಅದೇ, ಬಸ್ಸು ತಪ್ಪಿದರೂ ಅದೇ. ಮೈದಾನದಲ್ಲಿ ಮಾತ್ರ ‘ಬಿಡು’ ಅನ್ನುವುದಕ್ಕೆ ಬೇರೆ ಕೆಲಸವಿದೆ. ಹಿಂದಿರುವ ಗೋಲ್‌ಕೀಪರ್ ಮುಂದಿರುವ ಡಿಫೆಂಡರ್‌ಗೆ ಹಾಗೆ ಕೂಗಿದರೆ, ಬಾಲ್ ಮುಟ್ಟಬೇಡ, ನಾನು ಹಿಡಿಯುತ್ತೇನೆ ಅಂತ ಅರ್ಥ. ನಮ್ಮ ಹುಡುಗಿಯರು ಎರಡಕ್ಕೂ ಒಂದೇ ಮಾತು ಬಳಸಿ ಎರಡು ಸಲ ಡಿಕ್ಕಿ ಹೊಡೆದುಕೊಂಡರು, ಒಬ್ಬಳ ತುಟಿ ಒಡೆಯಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇನ್ನು ಮೇಲೆ ಸಮಾಧಾನ ಹೇಳುವುದಿದ್ದರೆ ‘ಪರವಾಗಿಲ್ಲ’ ಅನ್ನಿ, ‘ಬಿಡು’ ಅನ್ನುವುದು ಬಾಲಿಗೆ ಮಾತ್ರ ಅಂತ ಕಟ್ಟುನಿಟ್ಟು ಮಾಡಿದೆ. ಬಾಯಿ ತಪ್ಪಿದವಳು ಮೈದಾನ ಸುತ್ತಬೇಕು. ‘ಬಿಡು’ ಕೇಳಿಸಿತೋ, ಕಾಲು ತೆಗೆಯಬೇಕು. ಯಾರು ಕೂಗಿದ್ದು ಅಂತ ತಿರುಗಿ ನೋಡುವಂತಿಲ್ಲ, ನೋಡುವಷ್ಟರಲ್ಲಿ ಗೋಲ್ ಆಗಿರುತ್ತದೆ. ಮಳೆಗಾಲ ಪೂರ್ತಿ ಇದನ್ನೇ ತಿಕ್ಕಿದೆ. ಕಲಿತರೆ ಬೆನ್ನು ತಟ್ಟಿದೆ, ಮರೆತರೆ ಬೈದೆ. ಕೊನೆಗೆ ನಿದ್ದೆಯಲ್ಲಿ ಕೂಗಿದರೂ ಕಾಲು ತೆಗೆಯುವಷ್ಟು ಪಳಗಿದರು.

ಎಲ್ಲರಿಗಿಂತ ಚೆನ್ನಾಗಿ ಪಳಗಿದವಳು ನನ್ನ ಡಿಫೆಂಡರ್. ಹತ್ತನೇ ಕ್ಲಾಸಿನ ಹುಡುಗಿ, ಮಾತು ಕಮ್ಮಿ, ಅಡ್ಡ ನಿಂತರೆ ಗೋಡೆ. ಅವಳಪ್ಪನಿಗೆ ಇಲ್ಲೇ ಹಾರ್ಡ್‌ವೇರ್ ಅಂಗಡಿ. ಎಸ್ಸೆಸ್ಸೆಲ್ಸಿ ವರ್ಷ ಚೆಂಡು ಒದೆಯುತ್ತಾ ಕೂತರೆ ಹೇಗೆ ಅಂತ ಅವರದು ಒಂದೇ ರಾಗ. ಸೆಮಿಫೈನಲ್‌ಗೆ ಬಂದಾಗ ನನ್ನೆದುರೇ ತೀರ್ಮಾನ ಹೇಳಿದರು. “ಗೆದ್ರೆ ವರ್ಷ ಪೂರ್ತಿ ಆಡ್ಲಿ ಮೇಡಂ, ನಾನು ಕೇಳಲ್ಲ. ಸೋತ್ರೆ ಅವತ್ತಿಗೇ ಶೂ ಬಿಚ್ಚಿಡ್ಬೇಕು.” ಹುಡುಗಿ ತಲೆಯಾಡಿಸಿದಳು. ನಾನೂ ಆಡಿಸಿದೆ, ಬೇರೆ ದಾರಿ ಇರಲಿಲ್ಲ. ಆ ವಾರವೆಲ್ಲ ಅವಳು ಪ್ರಾಕ್ಟೀಸ್ ಮುಗಿದ ಮೇಲೂ ಮನೆಗೆ ಹೊರಡುತ್ತಿರಲಿಲ್ಲ.

ಮ್ಯಾಚು ಮಲ್ಲತ್ತಹಳ್ಳಿ ಕಡೆಯ ಮೈದಾನದಲ್ಲಿ. ಎದುರಿಗೆ ರಾಜಾಜಿನಗರದ ದೊಡ್ಡ ಸ್ಕೂಲು, ಅವರಿಗೆ ನೀರು ಕೊಡುವುದಕ್ಕೇ ಒಬ್ಬ ಬೇರೆ ಇದ್ದ. ಹುಡುಗಿಯ ಅಪ್ಪ ಅಂಗಡಿ ಮುಚ್ಚಿ ಬಂದು, ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು ನಮ್ಮ ಗೋಲ್ ಹಿಂದೆಯೇ ನಿಂತರು. ಬೇಡ ಅನ್ನೋಣ ಅನಿಸಿತು, ಆದರೆ ಮಗಳ ಆಟ ನೋಡಲು ಬಂದ ತಂದೆಗೆ ಹೇಗೆ ಹೇಳುವುದು?

ಆಟ ಒಂದು-ಒಂದರಲ್ಲಿ ನಿಂತಿತ್ತು, ಇನ್ನೇನು ಮುಗಿಯಬೇಕು. ಸಬಾಷ್, ಹಾಗೇ ನಿಲ್ಲು, ಭಯ ಬೇಡ ಅನ್ನುತ್ತಿದ್ದೆನಾದರೂ ಭಯವೆಲ್ಲ ನನಗೇ ಇತ್ತು. ಅವರ ಕಡೆಯಿಂದ ಒಂದು ಉದ್ದನೆಯ ಬಾಲ್ ಬಂತು. ನಮ್ಮ ಡಿಫೆಂಡರ್ ಒದ್ದಳು, ಕಾಲಿಗೆ ಸರಿಯಾಗಿ ಸಿಗಲಿಲ್ಲ. ಬಾಲ್ ಮೇಲಕ್ಕೆ ಹಾರಿ, ಮತ್ತೆ ಅವಳ ಮುಂದೆಯೇ ಇಳಿಯತೊಡಗಿತು. ಏನೂ ಕೆಟ್ಟಿರಲಿಲ್ಲ, ಇನ್ನೊಂದು ಸಲ ಒದ್ದರೆ ಮುಗಿಯಿತು. ಆಗ ಹಿಂದಿನಿಂದ ಗಂಡು ದನಿ ಬಂತು, ಕಕ್ಕುಲಾತಿಯ ದನಿ:

“ಹೋಗ್ಲಿ ಬಿಡು ಮಗಾ, ಬಿಡು!”

ಅವಳು ಕಾಲು ತೆಗೆದಳು.

ಬಾಲ್ ಅವಳ ಪಕ್ಕದಲ್ಲೇ ಉರುಳಿ ಹೋಯಿತು. ‘ಬಿಡು’ ಅಂತ ಕೂಗದೇ ಇದ್ದ ಕೀಪರ್ ಬೇರೆ ಮೂಲೆಯಲ್ಲಿದ್ದಳು. ಎದುರಿನವಳು ಓಡಿ ಬಂದು ಮೆಲ್ಲಗೆ ಒಳಕ್ಕೆ ತಳ್ಳಿದಳು. ಸ್ವಲ್ಪ ಹೊತ್ತಿಗೆ ಸೀಟಿಯೂ ಆಯಿತು.

ಕೀಪರ್ ಅಳುತ್ತಾ, ನಾನು ಕೂಗೇ ಇಲ್ಲ, ಯಾಕೆ ಬಿಟ್ಟೆ ಅಂತ ಅವಳ ಮೇಲೆ ಎಗರಿದಳು. ಇವಳು ತಿರುಗಿ ಗೋಲ್ ಹಿಂದೆ ನೋಡಿದಳು. ಯಾರ ದನಿ ಅಂತ ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಗೊತ್ತಾಗದೇ ಇದ್ದದ್ದು ಅವಳಪ್ಪನಿಗೆ ಮಾತ್ರ. ಹೆಲ್ಮೆಟ್ ಹಿಡಿದು ದಾಪುಗಾಲು ಹಾಕಿಕೊಂಡು ಬಂದರು. ಕಾಲಡಿಗೆ ಬಂದ ಬಾಲನ್ನೇ ಬಿಟ್ಟಳಲ್ಲ ಮೇಡಂ, ಇವಳಿಗೆ ಮನಸ್ಸೇ ಇಲ್ಲ ಅಂದರು. ನನ್ನ ಪಿತ್ತ ನೆತ್ತಿಗೇರಿತು. ಹೇಳಿಯೇ ಬಿಡುತ್ತಿದ್ದೆ, ಆದರೆ ಹುಡುಗಿ ಹಿಂದಿನಿಂದ ನನ್ನ ಟ್ರ್ಯಾಕ್‌ಸೂಟ್ ತೋಳು ಹಿಡಿದು ಎಳೆದಳು. ಅಪ್ಪನಿಗೆ ನೋವಾಗಬಾರದು ಅಂತ ಅವಳಿಗೆ. ಇಡೀ ವರ್ಷದ ಆಟ ಹೋದರೂ ಹೋಗಲಿ ಅಂತ ನಿಂತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಯಿತು.

ಆದರೆ ಅವರು ಬಿಡುವವರಲ್ಲ. ಅವಳ ಎದುರು ಹೋಗಿ ನಿಂತರು. “ಯಾಕೆ ಒದೀಲಿಲ್ಲ? ಬಾಯ್ಬಿಟ್ಟು ಹೇಳು.”

ಅವಳು ನೆಲ ನೋಡುತ್ತಲೇ ಹೇಳಿದಳು. “ನೀನೇ ಬಿಡು ಅಂದ್ಯಲ್ಲಪ್ಪಾ.”

“ಅದು ಸಮಾಧಾನಕ್ಕೆ ಅಂದಿದ್ದು ಕಣೇ!”

ಇನ್ನು ನಾನು ಸುಮ್ಮನಿರಲಿಲ್ಲ. ನಮ್ಮಲ್ಲಿ ಆ ಮಾತಿಗೆ ಏನರ್ಥ, ಅದನ್ನು ಎಷ್ಟು ತಿಕ್ಕಿದ್ದೇನೆ ಅಂತ ಹೇಳಿದೆ. ಅವರು ನನ್ನನ್ನು ನೋಡಿದರು, ಗೋಲ್ ಕಡೆ ನೋಡಿದರು, ತಾವು ನಿಂತಿದ್ದ ಜಾಗವನ್ನು ನೋಡಿದರು. ಮುಖ ಸಣ್ಣದಾಯಿತು. ಈಗ ಸಿಟ್ಟು ಮಾಡಿಕೊಂಡು ಮಗಳನ್ನು ಕರೆದುಕೊಂಡು ಹೊರಟೇಬಿಡುತ್ತಾರೆ ಅಂದುಕೊಂಡೆ. ಹುಡುಗಿ ಆಗಲೇ ಬಗ್ಗಿ ಶೂ ಲೇಸು ಬಿಚ್ಚತೊಡಗಿದ್ದಳು. ಒಪ್ಪಿಕೊಂಡ ಮಾತು ಅಂದರೆ ಮಾತು, ಅಪ್ಪನ ಮಗಳೇ ಅವಳು.

ಅವರೂ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಲೇಸಿನ ಮೇಲಿದ್ದ ಅವಳ ಕೈ ಹಿಡಿದರು.

“ನಾವ್ ಮಾತಾಡ್ಕೊಂಡಿದ್ದು ನೀನ್ ಸೋತ್ರೆ ಅಂತ” ಅಂದರು. “ಇವತ್ತು ಸೋತಿದ್ದು ನಾನು.”