ಮುಚ್ಚಳದಕ್ಕನ ಎಣ್ಣೆ

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಮುಚ್ಚಳದಕ್ಕ ಎನ್ನುತ್ತೇವೆ. ಯಾರಾದರೂ ಬಾಟಲಿ ತೆರೆದಿಟ್ಟು ಹರಟೆಗೆ ನಿಂತರೆ ಸಾಕು, "ಮೊದ್ಲು ಮುಚ್ಚಳ ಹಾಕಿ, ಆಮೇಲೆ ಬಾಯಿ ತೆಗೀರಿ" ಎಂಬ ಮಾತು ಬಂದೇ ಬರುತ್ತದೆ. ಮ್ಯಾನೇಜರಿಗೂ ರಿಯಾಯಿತಿ ಇಲ್ಲ.

ನಾವು ತಯಾರಿಸುವುದು ಮೀಥೈಲ್ ಲಿನೋಲಿಯೇಟ್. ನಮ್ಮ ಶರೀರ ತಾನಾಗಿ ಮಾಡಿಕೊಳ್ಳಲಾರದ, ಊಟದಿಂದಲೇ ಸಿಗಬೇಕಾದ ಒಂದು ಕೊಬ್ಬಿನಾಮ್ಲದಿಂದ ತೆಗೆದ ತಿಳಿ ಎಣ್ಣೆ. ಜೀವಕೋಶದಲ್ಲಿ ಕೊಬ್ಬು ಹೇಗೆ ಕೆಡುತ್ತದೆ ಎಂದು ಹುಡುಕುವ ಸಂಶೋಧಕರು ಇದನ್ನು ಕೊಳ್ಳುತ್ತಾರೆ. ಗಾಳಿ ತಾಗಿದರೆ ಅವರ ಕೈ ಸೇರುವ ಮೊದಲೇ ಕೆಟ್ಟು ಕೂತಿರುತ್ತದೆ. ಅಕ್ಕ ಆಂಪೂಲ್ ಎಂಬ ಪುಟ್ಟ ಗಾಜಿನ ಕುಪ್ಪಿಗೆ ಎಣ್ಣೆ ಬಿಟ್ಟು, ನೈಟ್ರೋಜನ್ ಹಾಯಿಸಿ ಗಾಳಿಯನ್ನು ಹೊರಗಟ್ಟಿ, ಅದರ ಕತ್ತನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚುತ್ತಾರೆ.

ಗಂಡ ತೀರಿಕೊಂಡ ಮೇಲೂ ಅದೇ ಕೆಲಸ, ಅದೇ ನಡುಗದ ಕೈ. ಕಣ್ಣಲ್ಲಿ ಒಂದು ಹನಿ ಇಲ್ಲ. ಕಲ್ಲು ಮನಸ್ಸಿನವಳು ಎಂದರು ಕೆಲವರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರೋಣ? ಪಕ್ಕದ ಮೇಜಿನವಳಾದ ನನಗೆ ಮಾತ್ರ ಒಮ್ಮೆ ಹೇಳಿದ್ದರು: "ಅಳು ಬರ್ತಿಲ್ಲ. ಏನೂ ಬರ್ತಿಲ್ಲ. ಟೀ ಕುಡಿದ್ರೆ ಬಿಸಿ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ." ಸಕ್ಕರೆ ಸಾಕಾ ಎಂದು ಕೇಳಿದೆ. ಪೆದ್ದಿ ನಾನು.

ಮನೆಯಲ್ಲಿ ಉಳಿದವರು ಅಕ್ಕ ಮತ್ತು ಅವರ ಅತ್ತೆ, ಇಬ್ಬರೇ. ಮಗನೇ ಇಲ್ಲದ ಮನೆಯಲ್ಲಿ ಅಮ್ಮನಿಗೇನು ಕೆಲಸ ಎಂದು ನಾದಿನಿ ಒಂದು ಭಾನುವಾರ ತಾಯಿಯನ್ನು ಕರೆದೊಯ್ಯಲು ಬಂದರು. ಅತ್ತೆಯೂ ಹೋದರೆ ಅಕ್ಕನಿಗೆ ಮಾತಾಡಲು ಗೋಡೆಯೇ ಗತಿ. ಆದರೂ ಅಕ್ಕ ಬೇಡವೆನ್ನಲಿಲ್ಲ. ಅತ್ತೆಯ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿದರು. ಅಂದು ಊಟಕ್ಕೆ ನಾನೂ ಇದ್ದೆ.

ಮೊದಲ ತುತ್ತಿಗೇ ನಾದಿನಿ ಮುಖ ಕಿವುಚಿದರು. ನನಗೂ ತಿಳಿಯಿತು: ಎಣ್ಣೆ ಕಮಟು. ಒಲೆಯ ಪಕ್ಕ ಎಣ್ಣೆಯ ಡಬ್ಬಿ ಬಾಯಿ ತೆರೆದು ನಿಂತಿತ್ತು, ಎಂದಿನಿಂದಲೋ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಳ್ಳಲ್ಲ. ಲ್ಯಾಬಿನಲ್ಲಿ ಕೆಟ್ಟದ್ದನ್ನು ಯಂತ್ರ ಹಿಡಿಯುತ್ತದೆ, ಹಾಗಾಗಿ ಅಕ್ಕನ ಮೂಗು ನಾಲಿಗೆ ಸುಮ್ಮನಾದದ್ದು ನಮಗ್ಯಾರಿಗೂ ಗೊತ್ತಾಗಿರಲಿಲ್ಲ.

"ಅತ್ತಿಗೆ, ಇದೇ ಎಣ್ಣೇಲಿ ಅಮ್ಮನಿಗೆ ದಿನಾ ಮಾಡಿ ಹಾಕ್ತಿದ್ದೀರಾ?" ಎಂದ ನಾದಿನಿ ತಾಯಿಯ ಕಡೆ ತಿರುಗಿದರು. "ನೀನಾದ್ರೂ ಹೇಳಬಾರದಿತ್ತಾ ಅಮ್ಮ?"

ಅತ್ತೆ ಉಣ್ಣುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ಹೇಳಿದ್ರೆ ಅಡುಗೇನೂ ಬಿಟ್ಟುಬಿಡ್ತಾಳೆ ಅಂತ ಸುಮ್ನಿದ್ದೆ. ಮನೇಲಿ ಅವಳು ಎದ್ದು ಮಾಡ್ತಿದ್ದದ್ದು ಅದೊಂದೇ."

ಅಕ್ಕ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. ನಾವು ಅವರ ಮುಖವನ್ನೇ ನೋಡುತ್ತಿದ್ದೆವು. ನುಂಗಿದರು.

"ನಂಗೆ ಈಗ್ಲೂ ಏನೂ ಗೊತ್ತಾಗ್ತಿಲ್ಲ ಅತ್ತೆ," ಎಂದರು, ಗಂಟೆ ಎಷ್ಟೆಂದು ಹೇಳುವವರ ಹಾಗೆ. "ಆದ್ರೂ ನೀವು ಹೋಗಬೇಡಿ."

ಅತ್ತೆ ಮಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನೀನು ತಿನ್ಬೇಡ, ಹೊಟ್ಟೆ ಕೆಡುತ್ತೆ," ಎಂದು, ತಮ್ಮ ತಟ್ಟೆಗೆ ಇನ್ನೊಂದಿಷ್ಟು ಬಡಿಸಿಕೊಂಡರು.